ಕೊನೆಯ ಇಪ್ಪತ್ತು ನಿಮಿಷ

ಈಗ ಕಂಡಕಂಡವರೆಲ್ಲ ಯಾವ ಸಿನಿಮಾ ನೋಡಲಿ ಎಂದು ನನ್ನನ್ನು ಕೇಳುತ್ತಾರೆ. ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ಕೇಳುತ್ತಾರೆ, ಮಧುಗಿರಿ ಬಸ್ಸಿನ ಕಂಡಕ್ಟರ್ ಕೇಳುತ್ತಾನೆ. ಹೋದ ಶುಕ್ರವಾರ ಗೊರವನಹಳ್ಳಿ ದೇವಸ್ಥಾನಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸೊಬ್ಬರು ಮಹಾಲಕ್ಷ್ಮಿಯ ವಿಷಯ ಬಿಟ್ಟು, ಇತ್ತೀಚೆಗೆ ಬಂದ ದೆವ್ವದ ಪಿಕ್ಚರ್‌ಗಳಲ್ಲಿ ಯಾವುದನ್ನು ನೋಡಬಹುದು ಎಂದು ವಿಚಾರಿಸಿದರು. ನಾನು ಮೂರು ಹೇಳಿದೆ, ಒಂದನ್ನು ನೋಡಲೇಬೇಡಿ ಎಂದೆ. ಒಂದು ಕಾಲದಲ್ಲಿ ದೆವ್ವದ ಪಿಕ್ಚರ್ ಎಂದರೆ ಮೂಗು ಮುರಿಯುತ್ತಿದ್ದವಳು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ಬಾಗಿಲು ತಾನಾಗಿ ತೆರೆದುಕೊಂಡರೆ ಮೊದಲು ಚಿಲಕ ಸರಿಮಾಡಿಸಿ ಎನ್ನುವ ಜಾತಿ. ಐವತ್ತು ದಾಟಿದ ಮೇಲೆ ಈ ವಿದ್ಯೆ ಕಲಿತದ್ದು ತಮ್ಮನಿಗಾಗಿ.

ತಮ್ಮ ಐ.ಡಿ.ಹಳ್ಳಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾನೆ. ಎರಡು ವರ್ಷದ ಹಿಂದೆ ಅವನ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ನನ್ನದೊಂದನ್ನು ಕೊಡುತ್ತೇನೆಂದು ಜಂಬದಿಂದಲೇ ಹೋದೆ. ಡಾಕ್ಟರು ನನ್ನ ರಕ್ತದ ರಿಪೋರ್ಟು ನೋಡಿ, ನಿಮಗೇ ಇಷ್ಟೊಂದು ಸಕ್ಕರೆ ಇದೆ, ಮೊದಲು ನಿಮ್ಮದನ್ನು ಕಾಪಾಡಿಕೊಳ್ಳಿ ಎಂದು ವಾಪಸು ಕಳಿಸಿದರು. ಅವನ ಹೆಸರು ಕಿಡ್ನಿಗೆ ಕಾಯುವವರ ಯಾವುದೋ ಪಟ್ಟಿಯಲ್ಲಿದೆ. ಆ ಪಟ್ಟಿ ಎಷ್ಟು ಉದ್ದ ಎಂದು ಕೇಳುವುದನ್ನು ನಾವು ಬಿಟ್ಟಿದ್ದೇವೆ.

ಬುಧವಾರ ಮತ್ತು ಶನಿವಾರ ಮಧ್ಯಾಹ್ನ ಮಧುಗಿರಿಯಲ್ಲಿ ಅವನಿಗೆ ಡಯಾಲಿಸಿಸ್. ಅವನ ಹೆಂಡತಿ ಗಿರಣಿ ನೋಡಿಕೊಳ್ಳಬೇಕು, ಹಾಗಾಗಿ ಜೊತೆಗೆ ನಾನು. ನಾಲ್ಕು ಗಂಟೆ ಮೆಷಿನ್ನಿಗೆ ಕಟ್ಟಿಹಾಕಿದ ಹಾಗೆ ಮಲಗಬೇಕು. ಎಡಗೈಗೆ ಎರಡು ಸೂಜಿ, ಬಲಗೈಗೆ ಬಿ.ಪಿ. ಪಟ್ಟಿ. ಮೊದಲ ವರ್ಷ ಹೇಗೋ ಕಳೆಯಿತು. ಆಮೇಲೆ ಅವನಿಗೆ ಬೇಸರ ಹತ್ತಿತು. ಒಂದು ಸರದಿ ತಪ್ಪಿಸಿದ, ಗಿರಣಿ ಬೆಲ್ಟು ಹರಿದಿದೆ ಎಂದ. ಇನ್ನೊಂದು ತಪ್ಪಿಸಿದ, ಕಾರಣವನ್ನೇ ಹೇಳಲಿಲ್ಲ. ಮೂರನೆಯದಕ್ಕೆ ಕಾಲು ಊದಿ, ಉಸಿರು ಕಟ್ಟಿದವನನ್ನು ಪಕ್ಕದ ಮನೆಯವರ ಕಾರಿನಲ್ಲಿ ಹಾಕಿಕೊಂಡು ಹೋಗಬೇಕಾಯಿತು. ಬೈದೆ, ಕಣ್ಣೀರು ಹಾಕಿದೆ. ಅವನು ಗೋಡೆಯ ಕಡೆ ತಿರುಗಿದ. "ಎಷ್ಟ್ ದಿನ ಅಂತ ಬರದಕ್ಕ ಇಲ್ಲಿಗೆ? ಸಾಕು ಬುಡು" ಎಂದ.

ಆ ದಿನ ಸುಮ್ಮನಿರಲಾಗದೆ ನನ್ನ ಫೋನಿನಲ್ಲಿ ಸಹೋದ್ಯೋಗಿಯೊಬ್ಬರು ಹೇಳಿದ್ದ ಮಲಯಾಳಂ ಕೊಲೆ ಕಥೆ ಹಾಕಿ ಅವನ ಮುಖದ ಮುಂದೆ ಹಿಡಿದೆ. ನಿಜಕ್ಕೂ ಒಳ್ಳೆಯ ಚಿತ್ರ. ಒಂದು ಲಾಡ್ಜು, ಕಳೆದುಹೋದ ಒಬ್ಬ ಬಸ್ ಡ್ರೈವರ್, ಎಲ್ಲರೂ ಸುಳ್ಳು ಹೇಳುವವರೇ. ಕೊಲೆಗಾರನ ಮುಖ ತೋರಿಸಲು ಇಪ್ಪತ್ತು ನಿಮಿಷ ಇರುವಾಗ ಮೆಷಿನ್ ಕೂಗಿತು, ನರ್ಸ್ ಬಂದು ಸೂಜಿ ತೆಗೆದರು, ನಾನು ಫೋನ್ ಚೀಲಕ್ಕೆ ಹಾಕಿದೆ. ಯಾರಕ್ಕ ಅವನು ಎಂದು ಮನೆಯವರೆಗೂ ಕೇಳಿದ. ಬುಧವಾರ ಬಾ, ಹೇಳುತ್ತೇನೆ ಎಂದೆ. ಬುಧವಾರ ನಾನು ಹೋಗುವಷ್ಟರಲ್ಲಿ ಅವನು ಅಂಗಿ ಹಾಕಿಕೊಂಡು ಜಗುಲಿಯ ಮೇಲೆ ಕೂತಿದ್ದ.

ಅಲ್ಲಿಂದ ನನಗೆ ದಾರಿ ಸಿಕ್ಕಿತು. ಮೊದಲ ಒಂದು ಗಂಟೆ ಅವನಿಗೆ ಮಂಪರು. ಎದ್ದ ಮೇಲೆ ಹಳೆಯದರ ಕೊನೆ, ಆಮೇಲೆ ಹೊಸದು. ಎಲ್ಲಿ ನಿಲ್ಲಿಸಬೇಕೆಂದು ಸಂಜೆ ಅಡುಗೆ ಮಾಡುತ್ತಲೇ ಪೂರ್ತಿ ನೋಡಿ ಗುರುತು ಮಾಡಿಕೊಳ್ಳುತ್ತಿದ್ದೆ. ಹಾಗೆಯೇ ಆರಿಸುವುದನ್ನೂ ಕಲಿತೆ. ಆಸ್ಪತ್ರೆ ಇರುವ ಚಿತ್ರ ಬೇಡ. ಹಾಡು ಜಾಸ್ತಿ ಇದ್ದರೆ ಬೇಡ. ರಕ್ತ ಇದ್ದರೆ ಅವನಿಗೆ ಅಡ್ಡಿಯಿಲ್ಲ, ತನ್ನ ರಕ್ತ ಪೈಪಿನಲ್ಲಿ ಓಡುತ್ತಿರುವಾಗ ಇನ್ನೊಬ್ಬನದು ಗೋಡೆಗೆ ಚಿಮ್ಮಿದರೆ ನಗುತ್ತಿದ್ದ. ದೆವ್ವಕ್ಕೂ ಹೆದರುತ್ತಿರಲಿಲ್ಲ. ಅವನಿಗೆ ತಡೆಯಲಾಗದಿದ್ದದ್ದು ನೀರು. ಡಾಕ್ಟರು ಹೇಳಿದಂತೆ ದಿನಕ್ಕೆ ಅಳೆದು ಮೂರೇ ಲೋಟ ಕುಡಿಯುವವನು, ಪರದೆಯ ಮೇಲೆ ಯಾರಾದರೂ ಚೊಂಬು ಎತ್ತಿ ಗಟಗಟ ಕುಡಿದರೆ ಕಣ್ಣು ಮುಚ್ಚಿಬಿಡುತ್ತಿದ್ದ. ತೊಂಬತ್ತು ಕೋಟಿ ಸುರಿದು ತೆಗೆದಿದ್ದಾರೆ ಎಂದು ಎಲ್ಲರೂ ಹೊಗಳುತ್ತಿದ್ದ ಒಂದು ಚಿತ್ರವನ್ನು ನಾನು ತೋರಿಸಲೇ ಇಲ್ಲ, ಅದರ ಹೀರೋ ಮರಳುಗಾಡು ದಾಟಿ ಬಂದು ಬಾವಿಕಟ್ಟೆಯಲ್ಲಿ ಐದು ನಿಮಿಷ ನೀರು ಕುಡಿಯುತ್ತಾನೆ.

ಪ್ರತಿ ಸಲ ನಿಲ್ಲಿಸಿ ಫೋನ್ ಚೀಲಕ್ಕೆ ಹಾಕುವಾಗ ನನಗೆ ಒಳಗೊಳಗೇ ಹೆಮ್ಮೆ. ಕಿಡ್ನಿ ಕೊಡಲಾಗದವಳು ಇಷ್ಟಾದರೂ ಮಾಡಿದೆನಲ್ಲ ಎಂದುಕೊಳ್ಳುತ್ತಿದ್ದೆ. ಎಂಟು ತಿಂಗಳು ಅವನು ಒಂದೇ ಒಂದು ಸರದಿ ತಪ್ಪಿಸಲಿಲ್ಲ.

ಪಕ್ಕದ ಹಾಸಿಗೆಗೆ ಪಾವಗಡದ ಟೈಲರ್ ಒಬ್ಬರು ಬರುತ್ತಾರೆ. ಆ ಕಡೆಯವರು ತೆಲುಗು ಚಿತ್ರಗಳನ್ನು ನಮಗಿಂತ ಮೊದಲೇ ನೋಡಿ ಮುಗಿಸಿರುತ್ತಾರೆ. ಈ ಬೇಸಿಗೆಯಲ್ಲಿ ಬಂದ ದೊಡ್ಡ ಚಿತ್ರವೊಂದನ್ನು ಅವರು ವಾರಗಟ್ಟಲೆ ಹೊಗಳಿದರು. "ಲಾಸ್ಟ್ ಸೀನ್ ಮಾತ್ರ ಅದಿರಿಪೋಯಿಂದಿ ಮೇಡಂ, ಮೈ ಜುಮ್ಮಂತೈತೆ, ಹಾಕ್ರಿ" ಎಂದರು. ನನಗೆ ಆ ವಾರ ಉತ್ತರಪತ್ರಿಕೆಗಳ ರಾಶಿ. ಮುಂಚೆ ನೋಡಲು ಆಗಲಿಲ್ಲ. ಟೈಲರ್ ಮಾತು ನಂಬಿ ಶನಿವಾರ ಹಾಕಿದೆ. ಕೋಟೆ, ಕುದುರೆ, ಸುರಂಗದಲ್ಲಿ ಸಿಕ್ಕಿಬಿದ್ದ ಅಣ್ಣ, ಮೇಲೆ ಅವನನ್ನು ಹುಡುಕುವ ತಂಗಿ. ತಮ್ಮ ರೆಪ್ಪೆ ಬಡಿಯದೆ ನೋಡಿದ. ಎಂದಿನಂತೆ ಇಪ್ಪತ್ತು ನಿಮಿಷ ಉಳಿಸಿ ನಿಲ್ಲಿಸಿದೆ.

ಬುಧವಾರ ಆ ಉಳಿದದ್ದನ್ನು ಹಾಕಿದೆ. ತಂಗಿ ಸುರಂಗದ ಬಾಗಿಲು ತಲುಪಿದಳು. ಒಳಗಿನಿಂದ ಬಡಿಯುವ ಸದ್ದು. ಅವಳು ಕೈ ಚಾಚಿದಳು. ಅಷ್ಟಕ್ಕೇ ಪರದೆ ಕಪ್ಪಾಯಿತು. ಎರಡನೇ ಭಾಗ, ಮುಂದಿನ ಬೇಸಿಗೆಗೆ ಎಂದು ಚಿನ್ನದ ಬಣ್ಣದ ಅಕ್ಷರಗಳು ಬಂದವು.

ಮುಂದಿನ ಬೇಸಿಗೆ ಎಂಬ ಮಾತನ್ನು ನಾವಿಬ್ಬರೂ ಎರಡು ವರ್ಷದಿಂದ ಆಡಿರಲಿಲ್ಲ. ಮಾವಿನಕಾಯಿ ಬಂದಾಗಲೂ ಆಡಿರಲಿಲ್ಲ. ನಾನೇ ಅದನ್ನು ತಂದು ಅವನ ಕಣ್ಣಿಗೆ ಹಿಡಿದಿದ್ದೆ. ಫೋನ್ ತಿರುಗಿಸಿ ಇಟ್ಟು, ಗೊತ್ತಿರಲಿಲ್ಲ ಕಣೋ, ನಾನು ನೋಡಿರಲಿಲ್ಲ ಎಂದೆ.

"ನಂಗೊತ್ತಿತ್ತು ಬುಡಕ್ಕ" ಎಂದ.

ಹೇಗೆ ಎಂದೆ. ಶನಿವಾರವೇ ಹೆಂಡತಿಯ ಫೋನಿನಲ್ಲಿ ನೋಡಿದೆ ಎಂದ. ಇದೊಂದೇ ಅಲ್ಲ, ಎರಡನೆಯ ಚಿತ್ರದಿಂದಲೂ ಅಷ್ಟೆ, ಮನೆಗೆ ಹೋದ ಮೇಲೆ ಕೊನೆ ನೋಡಿಯೇ ಊಟಕ್ಕೆ ಕೂರುತ್ತಿದ್ದನಂತೆ. ಎಂಟು ತಿಂಗಳ ಅಷ್ಟೂ ಕೊಲೆಗಾರರು ಅವನಿಗೆ ನನ್ನಷ್ಟೇ ಚೆನ್ನಾಗಿ ಗೊತ್ತಿದ್ದರು. ಹಾಗಿದ್ದರೆ ಯಾಕೆ ಬರುತ್ತಿದ್ದೆ ಎಂದು ಕೇಳಿದೆ. ನನ್ನ ದನಿ ಯಾಕೋ ಕ್ಲಾಸಿನಲ್ಲಿ ಗದರುವ ದನಿಯಾಗಿತ್ತು.

ಅವನು ಮೆಷಿನ್ನಿನ ಚಕ್ರ ತಿರುಗುವುದನ್ನು ನೋಡುತ್ತಲೇ ಹೇಳಿದ. "ಫೋನ್ ಚೀಲಕ್ಕಾಕುವಾಗ ನೀನು ಗೆದ್ದೋಳಂಗೆ ನಗ್ತಿದ್ದೆ ಕಣಕ್ಕ. ಅದ್ಯಾಕೆ ಕೆಡಿಸ್ಲಿ ಅಂತ ಬತ್ತಿದ್ದೆ."

ಟೈಲರ್ ಆ ಕಡೆ ತಿರುಗಿ ಮಲಗಿದರು. ನರ್ಸ್ ಬಂದು ಬಿ.ಪಿ. ನೋಡಿ ಬರೆದುಕೊಂಡು ಹೋದರು. ಇನ್ನೂ ಎರಡು ಗಂಟೆ ಬಾಕಿಯಿತ್ತು, ನನ್ನ ಬಳಿ ಅವನನ್ನು ಕರೆತರುವ ಯಾವ ಉಪಾಯವೂ ಉಳಿದಿರಲಿಲ್ಲ.

"ಮುಂದಿನ ಬೇಸಿಗೆ ಅಂತವ್ರೆ. ಅಲ್ಲಿಗಂಟ ಏನ್ ತೋರಿಸ್ತೀಯ?" ಎಂದ.

ಕಣ್ಣೊರೆಸಿಕೊಂಡು ಫೋನ್ ಎತ್ತಿಕೊಂಡೆ. ಗಣಿತದ ಮೇಷ್ಟ್ರು ಬೆಳಿಗ್ಗೆ ಕಳಿಸಿದ್ದ ತಮಿಳು ಥ್ರಿಲ್ಲರ್ ಒಂದಿತ್ತು. ಎರಡೂಕಾಲು ಗಂಟೆಯದು, ತುಂಬಾ ಚೆನ್ನಾಗಿದೆ ಎಂದೆ. ಅದರಲ್ಲಿ ನೀರು ಕುಡಿಯುತ್ತಾರಾ ಎಂದು ಕೇಳಿದ.

ಇಲ್ಲ, ಯಾರೂ ಕುಡಿಯುವುದಿಲ್ಲ ಎಂದೆ. ಆ ಚಿತ್ರವನ್ನು ನಾನಿನ್ನೂ ನೋಡಿರಲಿಲ್ಲ.