ಗಂಧ ತಿಂದ ಉಕ್ಕು

ಪಿಸ್ತೂಲು ನೋಡುವ ಮೊದಲು ಅದರ ಸ್ಕ್ರೂ ನೋಡಬೇಕು ಎನ್ನುತ್ತಿದ್ದರು ಅಪ್ಪ. ಸ್ಕ್ರೂವಿನ ತಲೆಯ ಗೀರು ಕಿತ್ತುಹೋಗಿದ್ದರೆ ಅದು ಅವಸರದವನ ಕೈಗೆ ಸಿಕ್ಕಿದ್ದ ವಸ್ತು. ಹೊರಗೆ ಎಷ್ಟೇ ಹೊಳೆಯಲಿ, ನಮಸ್ಕಾರ ಹೇಳಿ ಎದ್ದು ಬಾ. ಮಡಿಕೇರಿಯ ಕೋವಿ ಅಂಗಡಿಯಲ್ಲಿ, ಗಾಜಿನ ಕೌಂಟರಿಗೆ ಹಾಸಿದ ಹಳೆಯ ಟರ್ಕಿ ಟವೆಲಿನ ಮೇಲೆ ನನ್ನೆದುರು ಇದ್ದ ಪಿಸ್ತೂಲಿನ ಹಿಡಿಯಲ್ಲಿ ಎರಡೇ ಎರಡು ಸ್ಕ್ರೂ. ಕನ್ನಡಕ ಸರಿಪಡಿಸಿಕೊಂಡು ಬಗ್ಗಿದೆ. ಎರಡರ ಗೀರೂ ನಿನ್ನೆ ಕೊರೆದಷ್ಟು ನೇರವಾಗಿತ್ತು. ನೂರು ವರ್ಷದ ಆಸುಪಾಸಿನ ವಸ್ತು ಅದು. ಮೈ ಜುಮ್ಮೆಂದಿತು.

ಕೋವಿ ನನಗೆ ಹೊಸತಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕ್ರಾಸ್ ಸ್ಟಿಚ್ ಕಲಿಸಿದರು. ರಜೆಯಲ್ಲಿ ಅಪ್ಪ ಡೈನಿಂಗ್ ಟೇಬಲ್ಲಿಗೆ ಪೇಪರ್ ಹಾಸಿ ಕೋವಿ ಬಿಚ್ಚಿ ಜೋಡಿಸುವುದನ್ನು ಕಲಿಸಿದರು. ಎರಡಕ್ಕೂ ಬೇಕಾದದ್ದು ಪೇಷೆನ್ಸ್. ಅಪ್ಪನ ಹತ್ತಿರ ಇಂಥದೇ ಒಂದು ಪಾಯಿಂಟ್ ಮೂವತ್ತೆರಡು ಪಿಸ್ತೂಲಿತ್ತು, ಬೆಲ್ಜಿಯಂ ದೇಶದ್ದು. ಹಾರಿಸುವುದು ಅಣ್ಣಂದಿರ ಕೆಲಸ, ಒರೆಸಿ ಎಣ್ಣೆ ಹಚ್ಚುವುದು ನನ್ನದು. ನನಗೂ ಒಂದು ಸಲ ಕೊಡುವುದೆಂದು ಮಾತಾಗಿತ್ತು. ಒಂದು ಕ್ರಿಸ್‌ಮಸ್ ರಜೆಗೆ ಬೋರ್ಡಿಂಗಿನಿಂದ ಮನೆಗೆ ಬಂದರೆ ಅದು ಮಾರಿಹೋಗಿತ್ತು. ಯಾರೂ ನನಗೆ ಬರೆದಿರಲಿಲ್ಲ. ಬರೆಯಬೇಕೆಂದು ಯಾರಿಗೂ ಹೊಳೆದಿರಲಿಕ್ಕಿಲ್ಲ. ಈ ಎಪ್ಪತ್ತೈದರ ವಯಸ್ಸಿನಲ್ಲಿ ಆಫೀಸುಗಳಿಗೆ ಅಲೆದು ಲೈಸೆನ್ಸಿನಲ್ಲಿ ಒಂದು ಪಿಸ್ತೂಲಿಗೆ ಜಾಗ ಮಾಡಿಸಿಕೊಂಡೆನಲ್ಲ, ಯಾಕೆ ಎಂದು ಕೇಳಿದವರಿಗೆ ‘ಟಾರ್ಗೆಟ್ ಪ್ರಾಕ್ಟೀಸ್’ ಎಂದೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಮಾರುವವರು ನನ್ನ ಪಕ್ಕದ ಸ್ಟೂಲಿನ ಮೇಲೆ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಬಿಟ್ಟಂಗಾಲದವರು, ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವರು. ಆಕೆಯ ಯಜಮಾನರು ಕುಟ್ಟದ ಕಡೆಯ ಎಸ್ಟೇಟೊಂದರಲ್ಲಿ ಮ್ಯಾನೇಜರಾಗಿದ್ದವರು. ಬಟವಾಡೆಯ ದಿನ ಬ್ಯಾಂಕಿನಿಂದ ಜೀಪಿನಲ್ಲಿ ಬರುವಾಗ ಅವರ ಸೊಂಟದಲ್ಲಿರುತ್ತಿದ್ದದ್ದು ಇದೇ ಪಿಸ್ತೂಲು. ಹೋದ ವರ್ಷ ತೀರಿಕೊಂಡರು. ಲೈಸೆನ್ಸ್ ಅವರ ಹೆಸರಿನಲ್ಲಿದ್ದುದರಿಂದ ಆಕೆ ಅದನ್ನು ತಂದು ಈ ಅಂಗಡಿಯಲ್ಲಿ ಒಪ್ಪಿಸಿದ್ದರು. ಆಕೆಯ ಮನೆಮಾತು ಅರೆಭಾಷೆ, ನನ್ನದು ಕೊಡವ ತಕ್ಕ್, ಅಂಗಡಿಯ ಸಾಹೇಬರದು ಉರ್ದು. ಮೂವರೂ ಸೇರಿದಾಗ ಕನ್ನಡ.

“ಅಕ್ಕ, ಎಂತಾದ್ರೂ ತೊಂದ್ರೆ ಕಂಡ್ರೆ ನನ್ನ ಮುಖ ನೋಡಿ ಸುಮ್ನಿರ್ಬೇಡಿ,” ಎಂದರು ಆಕೆ. “ಆದ್ರೆ ತೊಂದ್ರೆ ಇಲ್ಲದ ಹಾಗೆ ನೋಡಿ.”

ಸಾಹೇಬರು ನಕ್ಕರು. “ಡಾಕ್ಟ್ರಿಗೆ ಹೇಳಿದ ಹಾಗೆ ಹೇಳ್ತೀರಲ್ಲಮ್ಮ.”

“ಮತ್ತೆ? ಇವ್ರೂ ಬೇಡ ಅಂದ್ರೆ ಎಲ್ಲಿಗೆ ಹೋಗ್ತದೆ ಅಂತ ನೀವೇ ಹೇಳಿದ್ದಲ್ವಾ?”

ಸಾಹೇಬರು ಹೇಳಿದ್ದು ನನಗೂ ಗೊತ್ತಿತ್ತು. ಈಗಿನವರಿಗೆ ಹೊಸ ಮಾಡೆಲ್ ಬೇಕು. ಆಗಲೇ ಮೂವರು ಬಂದು ನೋಡಿ ಬಿಟ್ಟುಹೋಗಿದ್ದರು. ಕೊಳ್ಳುವವರು ಸಿಗದಿದ್ದರೆ ಠಾಣೆಗೆ ಒಪ್ಪಿಸುವುದು; ಅಲ್ಲಿಂದ ಎಂದೋ ಒಂದು ದಿನ ತುಂಡು ಮಾಡಿ ಕರಗಿಸುತ್ತಾರೆ. ಆಕೆಯ ನಿದ್ದೆ ಕೆಡಿಸಿದ್ದು ಅದೊಂದೇ ಯೋಚನೆ. “ಅವ್ರನ್ನ ಒಂದ್ಸಲ ಸುಟ್ಟಾಯ್ತು ಅಕ್ಕ, ಇನ್ನೊಂದ್ಸಲ ಸುಡುದಕ್ಕೆ ನಂಗೆ ಆಗುದಿಲ್ಲ,” ಎಂದು ಫೋನಿನಲ್ಲಿ ಹೇಳಿದ್ದರು. ಅಷ್ಟು ಕೇಳಿದ ಮೇಲೆ ಕಣ್ಣು ಮುಚ್ಚಿ ಕೊಂಡುಬಿಡಬಹುದಿತ್ತು. ಆದರೆ ಕೋವಿಯಲ್ಲಿ ದಾಕ್ಷಿಣ್ಯ ಕೂಡದು. ಬಿರುಕು ಬಿಟ್ಟ ಉಕ್ಕು ದಾಕ್ಷಿಣ್ಯ ನೋಡುವುದಿಲ್ಲ.

ಹೆಣ್ಣು ತೋರಿಸುವ ಮನೆಯವರ ಹಾಗೆ ಸಾಹೇಬರು ಪಿಸ್ತೂಲಿನ ಬಲಮಗ್ಗುಲನ್ನು ಮೇಲೆ ಮಾಡಿ ಇಟ್ಟಿದ್ದರು. ಎತ್ತಿದಾಗಲೇ ಎಡಮಗ್ಗುಲಿನ ಕಲೆ ನನ್ನ ಕಣ್ಣಿಗೆ ಬಿತ್ತು. ಒಳಗಿನದು ಮೊದಲು, ಹೊರಗಿನದು ಆಮೇಲೆ. ಅದು ಅಪ್ಪನ ಕ್ರಮ.

ಮ್ಯಾಗಜಿನ್ ಹೊರತೆಗೆದೆ. ಮೇಲಿನ ಸ್ಲೈಡನ್ನು ಹಿಂದಕ್ಕೆಳೆಯಲು ಹೋದರೆ ನನ್ನ ಆರ್ಥ್ರೈಟಿಸ್ ಬೆರಳುಗಳು ಜಾರಿದವು. ಸಾಹೇಬರು ಕೈ ಚಾಚಿದರು, ಬೇಡ ಎಂದೆ. ಸ್ಲೈಡನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು, ಬಲಗೈಯಿಂದ ಹಿಡಿಯನ್ನೇ ಮುಂದಕ್ಕೆ ತಳ್ಳಿದೆ. ಬಂತು. ಒಳಗೆ ಗುಂಡಿಲ್ಲವೆಂದು ಕಣ್ಣು ಹೇಳಿತು. ಕಿರುಬೆರಳು ಹಾಕಿಯೂ ನೋಡಿದೆ.

ಮುಂಬದಿಯ ಅಂಚುಗಳಲ್ಲಿ, ತುಕ್ಕು ಹಿಡಿಯದಂತೆ ಕಟ್ಟಿದ ನೀಲಿ ಬಣ್ಣ ಮಾಸಿ ಉಕ್ಕು ಬೆಳ್ಳಗೆ ಕಾಣುತ್ತಿತ್ತು. ಚರ್ಮದ ಚೀಲದೊಳಗೆ ಸಾವಿರ ಸಲ ಹೋಗಿ ಬಂದ ಸವೆತ ಅದು, ಹಳೆಯ ಬೆಳ್ಳಿ ಚಮಚದ ಅಂಚಿನ ಹಾಗೆ. ಹಿಡಿಯ ಮೇಲಿನ ಚೌಕುಳಿ ಗೆರೆಗಳು ಒಂದು ಕಡೆ ಮಾತ್ರ ನುಣುಪಾಗಿದ್ದವು, ಬಲಗೈಯ ಹೆಬ್ಬೆರಳ ಬುಡ ಕೂರುವ ಕಡೆ. ನನ್ನ ಹೆಬ್ಬೆರಳನ್ನು ಅಲ್ಲಿಟ್ಟೆ. ನಾನೆಂದೂ ನೋಡದ ಮನುಷ್ಯನ ಕೈ ಎಷ್ಟು ದೊಡ್ಡದೆಂದು ತಿಳಿಯಿತು.

ಆಮೇಲೆ ಬಿಚ್ಚಿದೆ. ಅರವತ್ತು ವರ್ಷ ಮುಟ್ಟಿರದಿದ್ದರೂ ಬೆರಳುಗಳಿಗೆ ದಾರಿ ನೆನಪಿತ್ತು. ನಳಿಗೆ, ಸ್ಪ್ರಿಂಗ್, ಸ್ಲೈಡ್ ಒಂದರ ಪಕ್ಕ ಒಂದು ಟವೆಲಿನ ಮೇಲೆ ಬಂದು ಕುಳಿತವು. ಎಲ್ಲದರ ಮೇಲೂ ಒಂದೇ ನಂಬರ್. ಹುಟ್ಟಿದಾಗ ಜೊತೆಗಿದ್ದ ಭಾಗಗಳು ಇಂದೂ ಜೊತೆಗಿದ್ದವು. ಸಾಹೇಬರು ಮೊಬೈಲಿನ ಟಾರ್ಚ್ ಹಾಕಿಕೊಟ್ಟರು. ನಳಿಗೆಯ ಒಂದು ತುದಿಗೆ ಬೆಳಕು ಹಿಡಿದು ಇನ್ನೊಂದು ತುದಿಯಿಂದ ನೋಡಿದೆ.

ಓ ಮೈ ಗಾಡ್! ಒಳಗಿನ ಸುರುಳಿಗೀರುಗಳು ಒಂದರ ಹಿಂದೊಂದು ತಿರುಗುತ್ತ ಹೋಗಿ ಬೆಳಕಿನೊಳಗೆ ಮುಳುಗಿದ್ದವು. ಒಂದೇ ಒಂದು ಕಪ್ಪು ಚುಕ್ಕಿಯಿಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಯಾವನೋ ಒಬ್ಬ ದೂರದ ಊರಿನಲ್ಲಿ ನಿಂತು ಕೂದಲೆಳೆಯ ಲೆಕ್ಕದಲ್ಲಿ ಇದನ್ನು ಕೊರೆದಿದ್ದಾನೆ. ನಮ್ಮ ಕೊಡಗಿನಲ್ಲಿ, ಮೇ ಮುಗಿದರೆ ಚಪ್ಪಲಿಗೂ ಬೂಸರು ಹಿಡಿಯುವ ಊರಿನಲ್ಲಿ, ಇನ್ನೊಬ್ಬ ಅದನ್ನು ಹಾಗೇ ಉಳಿಸಿದ್ದಾನೆ. ಸ್ಪ್ರಿಂಗಿನ ಸುತ್ತುಗಳ ನಡುವೆ ಧೂಳಿಲ್ಲ. ಎಣ್ಣೆ ಇದೆ, ಆದರೆ ಮುಟ್ಟಿದ ಬೆರಳಿಗೆ ಇದೆಯೋ ಇಲ್ಲವೋ ಎಂಬಷ್ಟು. ಕಾನ್ವೆಂಟಿನ ಚಾಪೆಲ್ಲಿನಲ್ಲಿ ಕೂತಾಗ ಮಾತು ತಾನೇ ತಗ್ಗುತ್ತಿತ್ತಲ್ಲ, ಹಾಗಾಯಿತು ನನಗೆ.

“ಎಂತ ಅಕ್ಕ? ಮಾತೇ ಇಲ್ಲ?”

“ನಿಮ್ಮ ಯಜಮಾನ್ರು ಜೆಂಟಲ್‌ಮನ್,” ಎಂದೆ.

“ಅಯ್ಯೋ, ಮನೇಲಿ ನೋಡ್ಬೇಕಿತ್ತು,” ಎಂದರು. ಆದರೂ ಮುಖ ಅರಳಿತು.

ಜೋಡಿಸಿದೆ. ಇದರ ಹಿಡಿಯ ಹಿಂಬದಿಯಲ್ಲೊಂದು ಪಟ್ಟಿಯಿದೆ. ಅಂಗೈ ಪೂರ್ತಿ ಮುಚ್ಚಿ ಅದನ್ನು ಒತ್ತಿ ಹಿಡಿಯದಿದ್ದರೆ ಟ್ರಿಗರ್ ಕದಲುವುದಿಲ್ಲ. ಖಾಲಿ ಪಿಸ್ತೂಲನ್ನು ಗೋಡೆಯತ್ತ ತಿರುಗಿಸಿ ಸಡಿಲವಾಗಿ ಹಿಡಿದು ಒತ್ತಿದೆ. ಬಗ್ಗಲಿಲ್ಲ. ಗಟ್ಟಿಯಾಗಿ ಹಿಡಿದೆ, ಟಕ್ ಎಂದಿತು. ಬೆರಳ ತುದಿಯಲ್ಲಷ್ಟೇ ಹಿಡಿಯುವವರ ಮಾತು ಇನ್ನೂ ಕೇಳುವುದಿಲ್ಲ ಎಂದಾಯಿತು.

ಉಳಿದದ್ದು ಎಡಮಗ್ಗುಲು. ಸ್ಲೈಡಿನ ಸಪಾಟು ಜಾಗದ ನಟ್ಟನಡುವೆ, ಹೆಬ್ಬೆರಳ ಅಗಲಕ್ಕೆ, ಉಕ್ಕಿನ ನೀಲಿ ಪೂರ್ತಿ ಹೋಗಿ ಕಂದುಗಪ್ಪು ಚುಕ್ಕಿಗಳ ಒಂದು ಗುಂಪು. ಬೆವರಿನ ತುಕ್ಕು ಕೈ ಕೂರುವ ಕಡೆ ಬರುತ್ತದೆ, ನೀರಿನದು ಹರಿದ ಕಡೆ. ಇದು ಎರಡೂ ಅಲ್ಲ. ದುಂಡಗಿತ್ತು, ಯಾರೋ ಅಳತೆ ಮಾಡಿ ಇಟ್ಟಂತೆ.

“ಇಲ್ಲಿ ಎಂತಾಯ್ತು?” ಎಂದು ಕೇಳಿದೆ.

ಆಕೆ ಬಗ್ಗಿ ನೋಡಿದರು. “ಅಲ್ಲಿ ಎಂತ ಆಗಿಲ್ಲ ಅಕ್ಕ. ಅದು ನಾನು ಗಂಧ ಇಡುವ ಜಾಗ.”

ಸಾಹೇಬರಿಗೆ ಇದ್ದಕ್ಕಿದ್ದಂತೆ ಶೆಲ್ಫಿನಲ್ಲೇನೋ ಹುಡುಕುವ ಕೆಲಸ ಬಂತು.

ಕೈಲ್ ಮುಹೂರ್ತದ ಹಬ್ಬಕ್ಕೆ ನಮ್ಮಲ್ಲಿ ಮನೆಯ ಆಯುಧಗಳನ್ನೆಲ್ಲ ಇಳಿಸಿ ದೇವರ ಕೋಣೆಯಲ್ಲಿಟ್ಟು, ಗಂಧ ಹಚ್ಚಿ, ಕೋವಿಯ ಹೂವೆಂದೇ ಹೆಸರಾದ ತೋಕ್ ಹೂ ಸಿಕ್ಕಿಸುತ್ತೇವೆ. ಕೋವಿಗಾದರೆ ಉದ್ದನೆಯ ಮರದ ಬುಡವಿದೆ, ಗಂಧ ಅಲ್ಲಿಗೆ. ಪಿಸ್ತೂಲಿಗೆ ಮರವೆಲ್ಲಿದೆ? ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಸಪಾಟಾಗಿ ಕಂಡ ಜಾಗಕ್ಕೆ ಇಟ್ಟಿದ್ದಾಳೆ. ಒದ್ದೆ ಗಂಧ, ಸೆಪ್ಟೆಂಬರಿನ ಥಂಡಿ. ಉಕ್ಕಿಗೆ ಅಷ್ಟು ಸಾಕು.

ನಾನು ಹೇಳಬೇಕಾಗಲಿಲ್ಲ. ಆಕೆ ನನ್ನ ಮುಖ ನೋಡಿದರು, ಸಾಹೇಬರ ಬೆನ್ನು ನೋಡಿದರು.

“ನಾನಿಟ್ಟ ಗಂಧವಾ ಇದನ್ನ ತಿಂದದ್ದು?”

ಸಾಹೇಬರು ಶೆಲ್ಫಿನ ಡಬ್ಬಿಗಳನ್ನು ಅತ್ತಿತ್ತ ಸರಿಸಿದರು.

“ಆ ಮೂವರು ಬಿಟ್ಟುಹೋದದ್ದೂ ಇದಕ್ಕೇನಾ? ಸಾಹೇಬ್ರೇ, ಇತ್ತ ತಿರುಗಿ ಹೇಳಿ.”

“ಹಾಗಲ್ಲಮ್ಮ... ಒಬ್ರು ಹೇಳಿದ್ರು, ಸೈಡಲ್ಲಿ ತುಕ್ಕು ಉಂಟು ಅಂತ...”

“ಹಾಗಾದ್ರೆ ಇದನ್ನ ಕುಲುಮೆಗೆ ಕಳಿಸುದು ನಾನೇ.” ಬ್ಯಾಗಿನ ಹಿಡಿಯನ್ನು ಆಕೆ ತಿರುಚುತ್ತಿದ್ದರು. “ದೇವರ ಕೋಣೇಲಿ ಕೂತು, ಕೈ ಮುಗಿದು, ನಾನೇ ಹಾಳು ಮಾಡಿದ್ದು.”

ನಾನು ಬಿಳಿ ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ಕಲೆಯನ್ನು ತಿಕ್ಕಿದೆ. ಬೆಳೆಯುವ ತುಕ್ಕಾದರೆ ಬಟ್ಟೆ ಕೆಂಪಗಾಗುತ್ತದೆ. ಬಟ್ಟೆ ಬೆಳ್ಳಗೇ ಬಂತು. ಮತ್ತೆ ತಿಕ್ಕಿದೆ, ಆಗಲೂ ಬೆಳ್ಳಗೇ. ಉಗುರು ಎಳೆದು ನೋಡಿದರೆ ಒಂದೆರಡು ಕಡೆ ಮಾತ್ರ ಸಿಕ್ಕಿಕೊಂಡಿತು. ಮೇಲ್ಮೈಯ ಗಾಯ ಅಷ್ಟೇ; ಕೆಳಗೆ ಉಕ್ಕು ದಪ್ಪವಾಗಿ, ಗಟ್ಟಿಯಾಗಿ ಇತ್ತು.

“ಇದು ಸತ್ತ ತುಕ್ಕು,” ಎಂದೆ. “ಪಿಸ್ತೂಲು ಸೌಂಡ್ ಆಗಿದೆ, ಗಟ್ಟಿಮುಟ್ಟು. ಸಾಹೇಬ್ರೇ, ಪೇಪರ್ ತೆಗೀರಿ. ನಾನು ತಗೊಳ್ತೇನೆ.”

ಆಕೆಗೆ ಅದು ಕೇಳಿದಂತಿರಲಿಲ್ಲ. ಕಲೆಯನ್ನೇ ನೋಡುತ್ತಿದ್ದರು. ನನ್ನ ತಲೆಯಲ್ಲೂ ಬೇರೆಯದೇ ಓಡುತ್ತಿತ್ತು. ತುಕ್ಕು ತಾನಾಗಿ ಸಾಯುವುದಿಲ್ಲ, ಯಾರಾದರೂ ಕೊಲ್ಲಬೇಕು. ಅದೂ ಒಂದು ಸಲವಲ್ಲ, ಗಂಧ ಬಿದ್ದಾಗಲೆಲ್ಲ.

“ಪೂಜೆ ಆದ ಮೇಲೆ ಇದು ಎಷ್ಟು ಹೊತ್ತು ದೇವರ ಕೋಣೇಲಿ ಇರ್ತಿತ್ತು?” ಎಂದು ಕೇಳಿದೆ.

“ನನ್ನ ತಾಯಿ ಮನೇಲಿ ಮಾರನೇ ದಿನದವರೆಗೆ ಮುಟ್ಟುವ ಹಾಗಿಲ್ಲ. ಶುರುವಿಗೆ ಮೂರ್ನಾಲ್ಕು ವರ್ಷ ಇಲ್ಲೂ ಹಾಗೇ ಮಾಡಿದೆ. ಆಮೇಲೆ ಇವ್ರು ಶುರು ಮಾಡಿದ್ರು. ಮಂಗಳಾರತಿ ಆಗ್ಲಿಕ್ಕಿಲ್ಲ, ‘ಕೊಡು ಇಲ್ಲಿ’ ಅಂತ ತಗೊಂಡು ಆಫೀಸ್ ರೂಮಿಗೆ ಹೋಗಿ ಬಾಗ್ಲು ಹಾಕುದು. ಇಲ್ಲಿ ಎಲೆ ಹಾಕಿ, ಕಡಂಬುಟ್ಟು ಬಿಸಿಬಿಸಿ ಬಡಿಸಿ ಆಗಿರ್ತದೆ. ಕರೆದ್ರೆ ಬರುದಿಲ್ಲ. ಪ್ರತಿ ವರ್ಷ ಹಬ್ಬದ ದಿನ ಇದೇ ಜಗಳ ಅಕ್ಕ! ನನ್ನ ಕೈಯಡಿಗೆಗಿಂತ ಆ ಕಬ್ಬಿಣ ಹೆಚ್ಚಾಯ್ತಾ ಅಂತ ಕೇಳಿದ್ದೇನೆ.”

“ಅವ್ರು ಎಂತ ಹೇಳಿದ್ರು?”

“ಎಂತ ಹೇಳ್ತಾರೆ? ಬಂದು ತಣ್ಣಗಾದದ್ದನ್ನು ತಿಂತಿದ್ರು.”

ಹಿಡಿಯ ಸ್ಕ್ರೂವನ್ನು ಆಕೆಗೆ ತೋರಿಸಿದೆ, ಆಮೇಲೆ ಮತ್ತೆ ಬಿಚ್ಚಿ ನಳಿಗೆಯೊಳಗಿನ ಬೆಳಕನ್ನು. ಬಗ್ಗಿ, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು. “ಒಳಗೆ ಒಂದು ಚುಕ್ಕಿ ಸೇರದ ಹಾಗೆ ಇಟ್ಟವ್ರಿಗೆ ಹೊರಗಿನ ಇಷ್ಟು ದೊಡ್ಡದು ಕಾಣದೆ ಇರ್ತದಾ?” ಎಂದೆ. “ಬಾಗಿಲು ಹಾಕಿಕೊಂಡು ಅವ್ರು ನಿಮ್ಮ ಗಂಧ ಒರೆಸ್ತಿದ್ರು. ಒಣಗಿಸಿ, ಎಣ್ಣೆ ಹಚ್ಚಿ, ಆಮೇಲೆ ಊಟಕ್ಕೆ ಬರ್ತಿದ್ರು.”

ಎಷ್ಟೋ ಹಬ್ಬಗಳಲ್ಲಿ ಆ ಮನುಷ್ಯ ಬೈಸಿಕೊಂಡು ತಣ್ಣಗಾದ ಕಡಂಬುಟ್ಟು ತಿಂದಿದ್ದಾರೆ, ಒಂದು ಮಾತು ಆಡದೆ. ಅದೆಲ್ಲ ಈ ಉಕ್ಕಿನಲ್ಲಿ ಓದುವವರಿಗಾಗಿ ಬರೆದಿಟ್ಟ ಹಾಗಿತ್ತು. ಇಂಥದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಆಕೆ ಅಳುತ್ತಾರೆಂದುಕೊಂಡೆ. ಸಿಟ್ಟು ಬಂತು.

“ಬಾಯಿ ಇರ್ಲಿಲ್ವಾ ಅವ್ರಿಗೆ? ಒಂದು ಮಾತು ಹೇಳ್ಬಾರ್ದಿತ್ತಾ? ಹಿಡಿಗೆ ಇಡ್ತಿದ್ದೆ! ಚೀಲಕ್ಕೆ ಇಡ್ತಿದ್ದೆ!” ಕೌಂಟರಿಗೆ ಅಂಗೈ ಬಡಿದರು. “ಸುಮ್ಮನೆ ಬೈದೆನಲ್ಲ ಅಕ್ಕ. ಎಷ್ಟು ವರ್ಷ ಬೈದೆ! ಈಗ ಯಾರ ಹತ್ರ ಹೋಗಿ ಹೇಳುದು?”

ಸಾಹೇಬರು ಒಂದು ಲೋಟ ನೀರು ತಂದಿಟ್ಟರು. ಆಕೆ ಕುಡಿದರು. ಪೇಪರುಗಳಿಗೆ ಇಬ್ಬರೂ ಸಹಿ ಹಾಕಿದೆವು. ನನ್ನದು ಕಾನ್ವೆಂಟಿನ ರನ್ನಿಂಗ್ ಹ್ಯಾಂಡ್, ಆಕೆಯದು ಒಂದೊಂದೇ ಅಕ್ಷರ ಬಿಡಿಸಿ.

“ಬೇಕಾದ್ರೆ ಆ ಜಾಗ ಪಾಲಿಶ್ ಮಾಡಿ ಹೊಸ ಬಣ್ಣ ಕಟ್ಟಿಸ್ಬಹುದು,” ಎಂದರು ಸಾಹೇಬರು.

“ಛೆ, ಬೇಡ,” ಎಂದೆ ತಕ್ಷಣ. ಹಳೆಯ ಪಿಸ್ತೂಲಿಗೆ ಒರಿಜಿನಲ್ ಫಿನಿಶ್ ಹೋದರೆ ಅರ್ಧ ಮರ್ಯಾದೆ ಹೋದಂತೆ. ಅದಕ್ಕಿಂತ ಹೆಚ್ಚಾಗಿ, ಟು ಬಿ ಫ್ರಾಂಕ್, ಈಗ ನನಗೆ ಬೇಕಾಗಿದ್ದದ್ದೇ ಆ ಕಲೆ.

“ಮಾಡಿ,” ಎಂದರು ಆಕೆ.

“ಅಯ್ಯೋ, ಅದೇ ಅಲ್ವಾ ಇದರಲ್ಲಿ—”

“ಅಕ್ಕ, ಪಿಸ್ತೂಲು ನಿಮ್ದಾಯ್ತು. ಆ ಕಲೆ ನಮ್ದು.” ದನಿ ಎತ್ತರಿಸಲಿಲ್ಲ. “ನೀವು ನಾಳೆ ಬಂದವ್ರಿಗೆಲ್ಲ ತೋರಿಸ್ತೀರಿ. ಒಳ್ಳೇ ಮನಸಿಂದಲೇ ತೋರಿಸ್ತೀರಿ. ನಂಗೆ ಗೊತ್ತಾಯ್ತಲ್ಲ, ಸಾಕು. ಊರಿಗೆಲ್ಲ ಯಾಕೆ?”

ನನ್ನ ಕೆನ್ನೆ ಬಿಸಿಯಾಯಿತು. ಶನಿವಾರ ಕ್ಲಬ್ಬಿನಲ್ಲಿ ಯಾರಿಗೆ ಮೊದಲು ತೋರಿಸಲಿ ಎಂದು ಒಳಗೊಳಗೇ ಆಗಲೇ ಯೋಚಿಸಿದ್ದೆ. ಮಾಡಿ ಎಂದು ಸಾಹೇಬರಿಗೆ ತಲೆಯಾಡಿಸಿದೆ.

ಅವರು ಸ್ಲೈಡನ್ನು ಎತ್ತಿ ಮರದ ತುಂಡಿನ ಮೇಲಿಟ್ಟು, ತೆಳ್ಳನೆಯ ಎಮರಿ ಪೇಪರಿಗೆ ಎಣ್ಣೆ ಸವರಿದರು. ಆಕೆ ಸ್ಟೂಲನ್ನು ಹತ್ತಿರಕ್ಕೆ ಎಳೆದು ಕೈ ಚಾಚಿದರು. “ನಂಗೆ ಕೊಡಿ.”

“ಒಂದೇ ದಿಕ್ಕಿಗೆ ಅಮ್ಮ. ಹಿಂದೆಮುಂದೆ ಉಜ್ಜಬಾರ್ದು. ನಿಧಾನ.”

ಉಜ್ಜಿದರು, ಹೆಬ್ಬೆರಳನ್ನು ಒತ್ತಿ, ಒಂದೇ ದಿಕ್ಕಿಗೆ. ಕಂದು ಹೋಗಿ ಬೂದಿಯಾಯಿತು, ಬೂದಿ ಹೋಗಿ ಬಿಳಿ ಬಂತು. ಸಾಹೇಬರು ಕನ್ನಡಕ ಹಣೆಗೇರಿಸಿ ನೋಡಿದರು. “ಪೂರ್ತಿ ಹೋಗಲ್ಲ ಅಮ್ಮ, ಆಳದ್ದು ಒಂದೆರಡು ಚುಕ್ಕಿ ಉಳಿಯುತ್ತೆ. ಅದನ್ನು ತೆಗೀಲಿಕ್ಕೆ ಹೋದ್ರೆ ಉಕ್ಕು ತೆಳ್ಳಗಾಗ್ತದೆ.”

ಆಕೆ ಬೆರಳು ನಿಲ್ಲಿಸಲಿಲ್ಲ. ನನ್ನ ಕಡೆ ಒಮ್ಮೆ ನೋಡಿ, “ಹೋಗದ್ದು ಅಕ್ಕನಿಗೆ ಇರ್ಲಿ,” ಎಂದರು.