ಮೂರ್ತಪ್ಪ ಮೇಷ್ಟ್ರಿಗೆ ಬೆಳ್ಳಿ ಕಟ್ಟಿನ ಬೆತ್ತ

ಭದ್ರಾವತಿ ಹಳೇನಗರದ ಆ ಹೈಸ್ಕೂಲಿನಲ್ಲಿ ಹೊಡೆಯೋ ಕೆಲಸವನ್ನು ಒಬ್ಬರಿಗೇ ವಹಿಸಿದ್ದರು. ಪಿ.ಟಿ. ಮೇಷ್ಟ್ರು ಮೂರ್ತಪ್ಪನವರಿಗೆ. ಉಳಿದವರೆಲ್ಲ ಸಭ್ಯಸ್ಥರು ನೋಡಿ, ಮಕ್ಕಳ ಮೇಲೆ ಕೈ ಎತ್ತೋದಿಲ್ಲ! ಗಣಿತದ ಸುಮನಾ ಮೇಡಂ ಒಂದು ಚೀಟಿ ಬರೆದು, ಅದನ್ನು ತಪ್ಪು ಮಾಡಿದ ಮಗುವಿನ ಕೈಗೇ ಕೊಟ್ಟು, "ಪಿ.ಟಿ. ಸರ್‌ಗೆ ತೋರಿಸಿ ಬಾ" ಅಂತ ಕಳಿಸೋರು. ಮಗು ತನ್ನ ಏಟಿನ ಚೀಟಿ ತಾನೇ ಹಿಡ್ಕೊಂಡು ಮೈದಾನ ದಾಟಿ ಬರೋದು. ಮೂರ್ತಪ್ಪ ಎರಡು ಬಿಗಿದು, ಮೇಲೆ ಐದು ಸುತ್ತು ಓಡಿಸೋರು. ಅಷ್ಟರಲ್ಲಿ ಮೇಡಂ ಸ್ಟಾಫ್ ರೂಮಿನಲ್ಲಿ ಮಕ್ಕಳ ಮನಸ್ಸು ಎಷ್ಟು ಸೂಕ್ಷ್ಮ ಅಂತ ಮಾತಾಡ್ತಾ ಚಕ್ಕುಲಿ ಮುರೀತಿರೋರು.

ಹೀಗೇ ಇಪ್ಪತ್ತಾರು ವರ್ಷ. ಜನ್ನಾಪುರದ ಮೂರ್ತಪ್ಪ ಚಿಕ್ಕಂದಿನಿಂದ ಖೋ ಖೋ ಹುಚ್ಚಿನವರು. ಹೆಣ್ಣುಮಕ್ಕಳದ್ದೊಂದು ತಂಡ ಕಟ್ಟಿ ಜಿಲ್ಲಾ ಮಟ್ಟಕ್ಕೆ, ಶಿವಮೊಗ್ಗಕ್ಕೆ ಕರ್ಕೊಂಡು ಹೋಗಬೇಕು ಅನ್ನೋದೊಂದೇ ಆಸೆ. ರಿಟೈರ್ ಆಗೋಕೆ ಎರಡು ವರ್ಷ ಇತ್ತು. ಹೋದ ಜೂನ್‌ನಲ್ಲಿ ಹನ್ನೆರಡು ಹುಡುಗಿಯರು ಬೇಕು ಅಂತ ನೋಟಿಸ್ ಹಾಕಿದರು. ಒಂದು ಹೆಸರೂ ಬರಲಿಲ್ಲ. ಒಂಬತ್ತನೇ ಕ್ಲಾಸಿನ ಕವನ ಓಡಿದರೆ ಕಾಲು ನೆಲಕ್ಕೆ ತಾಗೋದಿಲ್ಲ. ಅವಳನ್ನೇ ಕರೆದು, "ಯಾಕಮ್ಮಾ?" ಅಂತ ಕೇಳಿದರು.

"ಓಡೋದಾ? ಬೇಡ ಸಾರ್. ಓಡೋದು ಶಿಕ್ಷೆಗಲ್ವಾ?" ಅಂದಳು. ತಮಾಷೆಗಲ್ಲ, ನಿಜಕ್ಕೂ ಹಾಗೇ ಅಂದುಕೊಂಡಿದ್ದಳು.

 ಮೂರ್ತಪ್ಪ ತಾವು ಪ್ರಾಣ ಇಟ್ಟ ಆಟಕ್ಕೆ ತಾವೇ ವಿಷ ಹಾಕಿದ್ದರು, ಅದೂ ಬೇರೆಯವರು ಬರೆದ ಚೀಟಿಗೆ! ಅವತ್ತೇ ಬೆತ್ತ ಮುರಿದು ಕಾಂಪೌಂಡಿನಾಚೆ ಎಸೆದರು. ಹೊಸ ಕಾನೂನು ಮಾಡಿದರು: ಚೀಟಿ ಬರೆದವರು ಮಗುವಿನ ಜೊತೆ ತಾವೂ ಬರಬೇಕು. ಮೂವರೂ ಹೊಂಗೆ ಮರದ ಕಟ್ಟೆ ಮೇಲೆ ಕೂರಬೇಕು. ಮೊದಲು ಮಗು ಮಾತಾಡಬೇಕು, ಆಮೇಲೆ ದೊಡ್ಡವರು. ಕೆಟ್ಟದ್ದನ್ನ ಸರಿ ಮಾಡೋದು ಹೇಗೆ ಅಂತ ಮೂವರೂ ಸೇರಿ ಹೇಳಬೇಕು. ನಲ್ಲಿ ಮುರಿದ ಹುಡುಗ ಪ್ಲಂಬರ್ ಜೊತೆ ನಿಂತು ನಲ್ಲಿ ಕೂರಿಸಿದ. ಲೆಕ್ಕ ಮಾಡದೆ ಬಂದ ಕವನಳಿಗೆ ಭಿನ್ನರಾಶಿಯೇ ತಲೆಗೆ ಹತ್ತಿಲ್ಲ ಅಂತ ಕಟ್ಟೆ ಮೇಲೆ ಗೊತ್ತಾಗಿ, ಸುಮನಾ ಮೇಡಂ ಅಲ್ಲೇ ಕೂತು ಅರ್ಧ ಗಂಟೆ ಹೇಳಿಕೊಡಬೇಕಾಯ್ತು. ಒಂದು ತಿಂಗಳಲ್ಲಿ ಚೀಟಿಗಳು ನಿಂತೇ ಹೋದವು. ಮಕ್ಕಳು ಒಳ್ಳೆಯವರಾದರು ಅಂತಲ್ಲ. ಬಿಸಿಲಲ್ಲಿ ಮೈದಾನ ದಾಟೋಕೆ ಮೇಷ್ಟ್ರುಗಳಿಗೆ ಸೋಮಾರಿತನ, ಅಷ್ಟೇ.

ಹೆಡ್‌ಮಾಸ್ಟರ್ ಹುಲಿಯಪ್ಪನವರದ್ದು ಇನ್ನೊಂದು ಕಥೆ. 'ಬೆತ್ತವಿಲ್ಲದ ಶಿಸ್ತು' ಅಂತ ಶಿವಮೊಗ್ಗದ ಹೋಟೆಲೊಂದರಲ್ಲಿ ಎರಡು ದಿನದ ಕಾರ್ಯಾಗಾರ. ಇವರು ಹೋಗಿ, ಒಂದು ಬ್ಯಾಗು, ಒಂದು ಪೆನ್ನು, ಒಂದು ಸರ್ಟಿಫಿಕೇಟು ತಂದು, ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿದ್ದರು. ಅಲ್ಲಿ ಏನು ಹೇಳಿದರು ಅಂತ ಕೇಳಿದರೆ ಊಟ ಚೆನ್ನಾಗಿತ್ತು ಅನ್ನೋರು. ಮೂರ್ತಪ್ಪ ಅದನ್ನೇ ಮಾಡಿ ತೋರಿಸಿದಾಗ ಮಾತ್ರ ಮುಖ ಗಂಟು ಹಾಕಿದರು. "ಸರ್ಟಿಫಿಕೇಟ್ ಬೇರೆ, ಸ್ಕೂಲ್ ನಡೆಸೋದು ಬೇರೆ ಮಾರಾಯ. ಮಕ್ಕಳು ತಲೆ ಮೇಲೆ ಕೂರ್ತಾವೆ."

ಕೂರಲಿಲ್ಲ. ಡಿಸೆಂಬರ್ ಹೊತ್ತಿಗೆ ಹನ್ನೆರಡು ಹೆಸರು ಬಂದವು, ಮೊದಲನೇದು ಕವನಳದ್ದು.

ಜನವರಿಯಲ್ಲಿ ಹಳೇ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡರು. ಪೇಟ, ಶಾಲು, ಹಣ್ಣಿನ ಬುಟ್ಟಿ, ಎಲ್ಲ ಇತ್ತು. ಅಕ್ಷತೆ ತಟ್ಟೆ ಹಿಡಿಯೋಕೆ ಖೋ ಖೋ ಹುಡುಗಿಯರನ್ನೇ ವೇದಿಕೆ ಪಕ್ಕ ನಿಲ್ಲಿಸಿದ್ದರು. ಮೈಕ್ ಹಿಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಮೂರ್ತಪ್ಪ ಸಾರ್ ಏಟು ತಿಂದೇ ನಾವು ಮನುಷ್ಯರಾದ್ವಿ." ಆದರು ಪಾಪ! ಆ ಮನುಷ್ಯರು ಕಾರುಗಳನ್ನು ಶಾಲೆ ಗೇಟಿಗೇ ಅಡ್ಡ ನಿಲ್ಲಿಸಿದ್ದರಿಂದ ಮಕ್ಕಳು ಕಾಂಪೌಂಡ್ ಹಾರಿ ಒಳಗೆ ಬಂದಿದ್ದರು.

ಕೊನೆಗೆ ಎದ್ದವನು ಹೊಳೆಹೊನ್ನೂರಿನ ಅಡಿಕೆ ವ್ಯಾಪಾರಿ ದುಶ್ಯಂತ್. ಕೆಂಪು ವೆಲ್ವೆಟ್ ಪೆಟ್ಟಿಗೆ ತೆರೆದ. ಒಳಗೆ ತುದಿಗೆ ಬೆಳ್ಳಿ ಕಟ್ಟಿಸಿದ ಬೆತ್ತ! ಸಭೆ ಶಿಳ್ಳೆ ಹೊಡೆಯಿತು. ಹುಲಿಯಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, "ಎತ್ತಿ ಹಿಡೀರಿ ಸಾರ್, ಫೋಟೋ! ನಾಳೆಯಿಂದ ಇದಕ್ಕೆ ಕೆಲಸ ಕೊಡೋಣ" ಅಂದರು.

ಮೂರ್ತಪ್ಪ ಪಕ್ಕಕ್ಕೆ ನೋಡಿದರು. ಕವನ ತಟ್ಟೆ ಕೆಳಗಿಟ್ಟಿದ್ದಳು. ಹುಡುಗಿಯರು ಒಂದೊಂದೇ ಹೆಜ್ಜೆ ಹಿಂದೆ ಸರೀತಿದ್ದರು. ಇದನ್ನು ಎತ್ತಿ ಹಿಡಿದರೆ ನಾಳೆ ಒಬ್ಬಳೂ ಮೈದಾನಕ್ಕೆ ಬರೋದಿಲ್ಲ ಅಂತ ಮೇಷ್ಟ್ರಿಗೆ ಗೊತ್ತಾಯ್ತು. ಬೆತ್ತ ಮುಟ್ಟದೆ ಮೈಕ್ ತಗೊಂಡರು.

"ದುಶ್ಯಂತ, ನಿಂಗೆ ಯಾವ ತಪ್ಪಿಗೆ ಹೊಡೆದಿದ್ದೆ ಕಣೋ?"

ದುಶ್ಯಂತ್ ನಕ್ಕ. ತಲೆ ಕೆರೆದ. "ಯಾವ ತಪ್ಪಿಗೆ ಅಂತ ನೆನಪಿಲ್ಲ ಸಾರ್. ಎಲ್ಲಿಗೆ ಅಂತ ನೆನಪಿದೆ." ಎಡಗೈ ಕಿರುಬೆರಳು ತೋರಿಸಿದ. "ಚಳಿ ಬಂದ್ರೆ ಇವತ್ತಿಗೂ ಮಡಚೋಕಾಗಲ್ಲ." ಹೇಳ್ತಾ ಹೇಳ್ತಾ ನಗು ಎಲ್ಲೋ ಹೋಯ್ತು.

ಮೂರ್ತಪ್ಪ ಆ ಕೈ ಹಿಡ್ಕೊಂಡರು. "ತಪ್ಪಾಯ್ತಪ್ಪ. ತಪ್ಪು ಮಾಡಿದವನಿಗೆ ಶಾಲು ಹೊದಿಸಿದ್ದೀರಿ" ಅಂದರು.   ಹುಲಿಯಪ್ಪ ಮೈಕ್ ಕಿತ್ಕೊಂಡು, "ಎಲ್ಲರೂ ಊಟಕ್ಕೆ ಬನ್ನಿ, ಕೇಸರಿಬಾತ್ ಆರ್ತಿದೆ" ಅಂತ ಕೂಗಿದರು. ಜನ ಬದುಕಿದೆವಪ್ಪಾ ಅಂತ ಎದ್ದು ಹೋದರು.

ಮೂರ್ತಪ್ಪ ಊಟಕ್ಕೆ ಹೋಗದೆ ಕಟ್ಟೆ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಹನ್ನೆರಡು ಹುಡುಗಿಯರೂ ಬಂದು ಎದುರಿಗೆ ನಿಂತರು. ತಂಡ ಉಳಿಯಿತು ಅಂತ ಮೇಷ್ಟ್ರ ಮುಖ ಅರಳುವಷ್ಟರಲ್ಲಿ ಕವನ ಬಾಯಿ ಬಿಟ್ಟಳು.

"ಸಾರ್, ಅವರು ಕಾರಲ್ಲಿ ಬಂದ್ರು, ಕ್ಷಮೆ ಕೇಳ್ಕೊಂಡ್ರಿ. ಎಂಟನೇ ಕ್ಲಾಸಲ್ಲಿ ನಮಗೂ ಹೊಡೆದಿದ್ರಲ್ಲ, ನಮ್ಮ ಹತ್ರ ಯಾವಾಗ ಕೇಳ್ತೀರಿ?"

ಮೂರ್ತಪ್ಪ ಪೇಟ ತೆಗೆದು ಪಕ್ಕಕ್ಕಿಟ್ಟರು. "ಕೂತ್ಕೋ ಮಾರಾಯ್ತಿ," ಅಂದರು. "ನಿನ್ನಿಂದಲೇ ಶುರು ಮಾಡ್ತೀನಿ. ಮೊದಲು ನೀನು ಮಾತಾಡು."