ಗೇಟಿನಲ್ಲಿ ನಿಲ್ಲುತ್ತಿದ್ದ ಗಾರ್ಡ್

ಎಪ್ಪತ್ತರ ದಶಕದ ಕೊನೆಯಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಕೆಲಸ ಮಾಡುತ್ತಲೇ ಟಿ. ನಗರದಲ್ಲಿ ಕನ್ನಡ ನಾಟಕ ಆಡಿಸುತ್ತಿದ್ದೆ. ನಟರಲ್ಲಿ ಯಾರಿಗೂ ಅನುಭವವಿರಲಿಲ್ಲ. ಎಲ್ಲರೂ ಸಿನಿಮಾದವರನ್ನೇ ಅನುಕರಿಸುತ್ತಿದ್ದರು. ಅದಕ್ಕೇ, ದಿನವೂ ನೋಡುವ ಒಬ್ಬರನ್ನು ಗಮನಿಸಿ ಪಾತ್ರ ಕಟ್ಟಿ ಎಂದೆ.

ತಾಂಬರಂನಿಂದ ಬರುತ್ತಿದ್ದ ಬ್ಯಾಂಕ್ ಗುಮಾಸ್ತ ತನ್ನ ತಂದೆಯನ್ನೇ ಆರಿಸಿಕೊಂಡ. ಅವರು ನಿವೃತ್ತ ರೈಲ್ವೆ ಗಾರ್ಡ್. ಮಗ ಕೆಲಸಕ್ಕೆ ಹೊರಟಾಗ ಗೇಟಿನಲ್ಲಿ ನಿಂತು, ರಸ್ತೆಯ ಎರಡೂ ಕಡೆ ನೋಡಿ, ಹಸಿರು ಬಾವುಟದಂತೆ ಟವೆಲ್ ಬೀಸುತ್ತಿದ್ದರಂತೆ. ತಾಲೀಮಿನಲ್ಲಿ ಅವನು ಅದನ್ನು ಆಡಿ ತೋರಿಸಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಇದೊಂದು ಬೇಡ ಸಾರ್. ಅಪ್ಪ ನಾಟಕಕ್ಕೆ ಬರ್ತಾರೆ," ಎಂದ.

"ಬರಲಿ ಬಿಡಪ್ಪ, ಖುಷಿಪಡ್ತಾರೆ," ಎಂದೆ. ನನಗೆ ಆ ನಗು ಬೇಕಿತ್ತು. ಸಂಬಂಧಪಟ್ಟವರನ್ನು ಕೇಳದೆ ಒಂದು ಸಾಲಿನ ಸುದ್ದಿಯನ್ನೂ ಅಚ್ಚಿಗೆ ಕಳಿಸದ ನಾನು ಅವನ ತಂದೆಯನ್ನು ಕೇಳಲಿಲ್ಲ.

ಪ್ರದರ್ಶನದ ದಿನ ಟವೆಲ್ ಮೇಲೇಳುತ್ತಲೇ ಸಭೆ ನಕ್ಕಿತು. ತಂದೆಯ ಹಿಂದೆ ಕೂತಿದ್ದ ಹಳೆಯ ಸಹೋದ್ಯೋಗಿ, "ಏನ್ ಗಾರ್ಡ್ ಸಾರ್, ಮನೇಲೂ ಡ್ಯೂಟಿನಾ?" ಎಂದು ಕೂಗಿದರು. ತಂದೆಯೂ ನಕ್ಕರು. ಆಮೇಲೆ ಹೆಗಲ ಮೇಲಿದ್ದ ಟವೆಲನ್ನು ತೆಗೆದು, ಮಡಚಿ, ತೊಡೆಯ ಮೇಲಿಟ್ಟುಕೊಂಡರು. ರಂಗದ ಪಕ್ಕದಿಂದ ಅದನ್ನು ನೋಡಿದೆ.

ವಾರದ ನಂತರ, ಅಪ್ಪ ಹೇಗಿದ್ದಾರೆ ಎಂದು ಮಗನನ್ನು ವಿಚಾರಿಸಿದೆ.

"ನಾನು ಹೊರಡೋ ಹೊತ್ತಿಗೆ ಅಪ್ಪ ಈಗ ಒಳಗೇ ಪೇಪರ್ ಓದ್ತಾ ಇರ್ತಾರೆ ಸಾರ್."

ಎರಡನೇ ಪ್ರದರ್ಶನದಲ್ಲಿ ಆ ಭಾಗ ತೆಗೆದೆ. ತಾಂಬರಂಗೆ ಹೋಗಿ ಅವರೆದುರು ತಪ್ಪಾಯಿತು ಎನ್ನುವುದು ಮಾತ್ರ ನನ್ನಿಂದ ಆಗಲೇ ಇಲ್ಲ.